ಇಲ್ಲ ಎನ್ನದ ಆಂಜನೇಯ

ನಮ್ಮ ಬೀದಿಯ ಆಂಜನೇಯ ಯಾರಿಗೂ ಇಲ್ಲ ಎಂದವನಲ್ಲ. ಅವನ ಸೇವಾ ಸಮಿತಿ ಸಾಲಕ್ಕೆ ಬಿದ್ದದ್ದು ಅದರಿಂದಲೇ.

ಗುಡಿ ಇದ್ದದ್ದು ಹಲಸೂರಿನಲ್ಲಿ, ಕೆರೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ. ಒಳಗೆ ಹತ್ತು ಜನ ನಿಂತರೆ ಹನ್ನೊಂದನೆಯವರು ಬೀದಿಯಲ್ಲಿ ನಿಂತು, ಪಕ್ಕದಲ್ಲಿ ಹಾದುಹೋಗುವ ಮಿಲಿಟರಿ ಲಾರಿಯ ಧೂಳಿನಲ್ಲೇ ಕೈಮುಗಿಯಬೇಕು. ಅಷ್ಟು ಪುಟ್ಟ ಗುಡಿಗೆ ಒಂದು ಸಮಿತಿ, ಸಮಿತಿಗೆ ಒಬ್ಬ ಅಧ್ಯಕ್ಷರು, ಒಬ್ಬ ಖಜಾಂಚಿ, ಏಳು ಮಂದಿ ಸದಸ್ಯರು. ದೇವರು ಒಬ್ಬ, ನೋಡಿಕೊಳ್ಳುವವರು ಒಂಬತ್ತು. ಖಜಾಂಚಿ ನಮ್ಮ ತಂದೆ.

ನಾನು ಆಗ ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಎರಡು ಕಪ್ಪು ಗೆದ್ದಿದ್ದೆ. ಅಮ್ಮ ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಮೆಂತ್ಯ ತುಂಬಿಸಿಟ್ಟಿದ್ದರು. ದೇವರಿಲ್ಲ ಎಂದು ಹದಿನೇಳನೆಯ ವಯಸ್ಸಿನಲ್ಲೇ ತೀರ್ಮಾನಿಸಿ, ಅದನ್ನು ಮನೆಯಲ್ಲಿ ಊಟದ ಹೊತ್ತಿಗೆ ಸಕಾರಣವಾಗಿ ಮಂಡಿಸಿಯೂ ಇದ್ದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಕೈತೊಳೆದು ಬಂದು, ಕೆಂಪು ರಟ್ಟಿನ ಒಂದು ದೊಡ್ಡ ಪುಸ್ತಕ ತಂದು ನನ್ನ ಮುಂದಿಟ್ಟರು.

"ಅವನು ಇಲ್ದೇ ಇರ್ಬಹುದು ಮಗು. ಅವನ ಸಮಿತಿ ಇದೆಯಲ್ಲ! ನನ್ನ ಅಕ್ಷರ ನನಗೇ ಓದೋಕೆ ಬರಲ್ಲ. ನೀನು ಬರಿ."

ಹೀಗೆ ನಾನು, ಹಲಸೂರಿನ ಏಕೈಕ ನಾಸ್ತಿಕಳು ಎಂದು ನನ್ನನ್ನು ತಿಳಿದುಕೊಂಡಿದ್ದವಳು, ಆಂಜನೇಯ ಸೇವಾ ಸಮಿತಿಯ ನಡಾವಳಿ ಬರೆಯುವವಳಾದೆ. ಸಭೆ ನಡೆಯುವಾಗ ಕಂಬದ ಆಚೆ ಕೂತು ಬರೆಯಬಹುದಿತ್ತು, ಮಾತಾಡುವಂತಿರಲಿಲ್ಲ. ವಾದ ಮಾಡುವುದೊಂದನ್ನೇ ಕಲಿತವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು, ಇದ್ದಿದ್ದರೆ, ದೇವರೂ ಯೋಚಿಸುತ್ತಿರಲಿಲ್ಲ.

ಸಮಿತಿ ಖರ್ಚು ಮಾಡುವ ಕ್ರಮ ಹೀಗಿತ್ತು. ಯಾರಾದರೂ ಒಂದು ಸೂಚನೆ ತರುತ್ತಿದ್ದರು. ಎಲ್ಲರೂ ಒಂದಷ್ಟು ಹೊತ್ತು ಜಗಳವಾಡುತ್ತಿದ್ದರು. ಕೊನೆಗೆ ಅಧ್ಯಕ್ಷರು, "ನಮ್ಮದೇನಿದೆ? ಸ್ವಾಮೀನೇ ಕೇಳಿಬಿಡೋಣ" ಎನ್ನುತ್ತಿದ್ದರು. ಶನಿವಾರ ಬೆಳಿಗ್ಗೆ ಅಭಿಷೇಕ ಮುಗಿದ ಮೇಲೆ ಅರ್ಚಕರು ಎರಡು ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ, ವಿಗ್ರಹದ ಎರಡು ಭುಜಗಳಿಗೂ ಒಂದೊಂದು ಅಂಟಿಸುತ್ತಿದ್ದರು. ಪ್ರಶ್ನೆಯನ್ನು ಗಟ್ಟಿಯಾಗಿ ಹೇಳುತ್ತಿದ್ದರು. ದೇವರ ಬಲಭುಜದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಇದಕ್ಕೆ ಅಪ್ಪಣೆ ಕೇಳುವುದು ಎನ್ನುತ್ತಿದ್ದರು. ಒಂದು ವಿಷಯವನ್ನು ಒಂದೇ ಸಲ ಕೇಳಬೇಕು. "ಎರಡನೇ ಸಲ ಕೇಳೋದು ಅಂದ್ರೆ ಮೊದಲನೇ ಸಲ ನಂಬಲಿಲ್ಲ ಅಂತ ಆಯ್ತು" ಎಂಬುದು ಅರ್ಚಕರ ಮಾತು.

ಅಧ್ಯಕ್ಷರ ಬಗ್ಗೆ ಹೇಳಬೇಕು. ಅವರು ಸುತ್ತಲ ಸೈನ್ಯದ ಕ್ಯಾಂಪುಗಳಿಗೆ ತರಕಾರಿ ಸರಬರಾಜು ಮಾಡುವ ಕಂಟ್ರಾಕ್ಟರು. ಯುದ್ಧದಿಂದ ಲೋಕಕ್ಕೆಲ್ಲ ನಷ್ಟವಾಗುತ್ತಿದ್ದಾಗ ಕೋಸಿನಿಂದ ಅವರಿಗೆ ಲಾಭವಾಗುತ್ತಿತ್ತು. ಮನುಷ್ಯ ಕೆಟ್ಟವರಲ್ಲ. ಬಂದ ಲಾಭದಲ್ಲಿ ದೇವರಿಗೂ ಪಾಲಿರಬೇಕು ಎಂದು ನಿಜವಾಗಿ ನಂಬಿದ್ದರು. ಆದರೆ ಆ ಪಾಲು ಬೀದಿಯ ಆ ತುದಿಗೂ ಕಾಣಿಸುವಷ್ಟು ದೊಡ್ಡದಾಗಿರಬೇಕು ಎಂದೂ ನಂಬಿದ್ದರು. ದಂಡಿನ ಬಂಗಲೆಗಳಿಂದ ಬಿಳಿಯ ಅಧಿಕಾರಿಗಳು ವರ್ಗವಾಗಿ ಹೋಗುವಾಗ ಮನೆಯ ಸಾಮಾನನ್ನು ಏಲಂ ಹಾಕುತ್ತಿದ್ದರು. ಅಧ್ಯಕ್ಷರು ಒಂದು ಏಲಮನ್ನೂ ಬಿಡುತ್ತಿರಲಿಲ್ಲ. ಅಲ್ಲಿಂದ ಬಂದವರೇ ಗುಡಿಗೆ ಏನಾದರೂ ಒಂದು ಸೂಚಿಸುತ್ತಿದ್ದರು. ಅರ್ಧ ಅವರದು, ಅರ್ಧ ಸಮಿತಿಯದು. ಆಂಜನೇಯ ಬಲಕ್ಕೆ ಹೂ ಕೊಡುತ್ತಿದ್ದ.

ಹೀಗೆ ಬಂದದ್ದು ಗಾಜಿನ ತೂಗುದೀಪ. ಅದನ್ನು ಕಟ್ಟಿದ ಮೇಲೆ ನೆಟ್ಟಗೆ ನಿಂತು ಮಂಗಳಾರತಿ ತೆಗೆದುಕೊಳ್ಳಬಲ್ಲವರು ನಮ್ಮ ಬೀದಿಯಲ್ಲಿ ಮಕ್ಕಳು ಮಾತ್ರ. ಅರ್ಚಕರು, "ದೇವರ ಮುಂದೆ ತಲೆ ಬಗ್ಗಿಸೋಕೆ ಜನಕ್ಕೆ ಒಂದು ಕಾರಣ ಆಯ್ತು ಬಿಡಿ" ಎಂದರು. ಆಮೇಲೆ ಬಂದದ್ದು ಬಿಲಿಯರ್ಡ್ಸ್ ಆಡುವ ಮೇಜು. ಪ್ರಸಾದ ಹಂಚುವುದಕ್ಕೆ ಎಂದು ತಂದರು. ತೇಗದ ಕಾಲು, ಕಲ್ಲಿನ ಹಾಸು, ಹನ್ನೆರಡು ಜನ ಹೊತ್ತು ತಂದು ಹಿತ್ತಲ ಅಂಗಳದಲ್ಲಿ ಇಟ್ಟರು. ಅಲ್ಲಿಂದ ಒಳಕ್ಕೆ ಅದು ಹೋಗಲೇ ಇಲ್ಲ. ಮೊದಲ ಶನಿವಾರ ಅದರ ಮೇಲೆ ಲಾಡು ಇಟ್ಟಾಗ ನಾಲ್ಕು ಲಾಡು ಉರುಳಿ ಮೂಲೆಯ ತೂತುಗಳೊಳಗೆ ಬಿದ್ದುಹೋದವು. ಬಲೆಯೊಳಗಿಂದ ಅವನ್ನು ತೆಗೆದವರಿಗೆ ಆ ದಿನ ಎರಡು ಪಾಲು ಸಿಕ್ಕಿತು. ಮುಂದಿನ ಶನಿವಾರ ಲಾಡು ತಾನಾಗಿ ಉರುಳಿತೋ, ಯಾರಾದರೂ ಉರುಳಿಸಿದರೋ ಎಂಬ ಬಗ್ಗೆ ಸಮಿತಿಯಲ್ಲಿ ಒಂದು ಗಂಟೆ ಚರ್ಚೆಯಾಯಿತು. ಅದನ್ನು ನಾನೇ ಬರೆದುಕೊಂಡಿದ್ದೇನೆ.

ಒಂದು ಸಂಜೆ ಮಳೆ ಬಂದು ಸಭೆಗೆ ಯಾರೂ ಬರಲಿಲ್ಲ. ನಾನು ಹಳೆಯ ನಡಾವಳಿಯನ್ನು ತಿರುವುತ್ತ ಕೂತೆ. ನಾಲ್ಕು ವರ್ಷದಲ್ಲಿ ನಲವತ್ತಕ್ಕೂ ಮಿಕ್ಕಿ ಅಪ್ಪಣೆ ಕೇಳಿದ್ದರು. ಪ್ರತಿಯೊಂದರ ಕೆಳಗೂ ಒಂದೇ ಪದ: ಬಲಕ್ಕೆ. ಬಲಕ್ಕೆ. ಬಲಕ್ಕೆ. ಎಡಕ್ಕೆ ಎಂಬುದು ಒಂದೇ ಒಂದು ಕಡೆ, ಮೊದಲ ಪುಟದಲ್ಲಿ, ಇತ್ತು. ಅದು ಹೊಸ ಚರಂಡಿ ಯಾವ ಕಡೆ ತೋಡಿದರು ಎಂಬ ವಿಷಯದಲ್ಲಿ.

ಚರಂಡಿ ಎಂದಾಗ ತಲೆಯಲ್ಲಿ ದೀಪ ಹತ್ತಿತು. ಆ ಚರಂಡಿ ತೋಡಿದ ಮೇಲೆ ಗರ್ಭಗುಡಿಯ ನೆಲ ಆ ಕಡೆಗೆ, ಎದುರು ನಿಂತವರ ಎಡಕ್ಕೆ, ತುಸು ಕುಸಿದಿತ್ತು. ಮುಂದಿನ ಶನಿವಾರ ಅಭಿಷೇಕವನ್ನು ಮೊದಲ ಸಲ ಕಣ್ಣುಬಿಟ್ಟು ನೋಡಿದೆ. ತಲೆಯ ಮೇಲೆ ಸುರಿದ ನೀರು ಎರಡೂ ಕಡೆ ಸಮವಾಗಿ ಇಳಿಯಬೇಕಲ್ಲ? ಮುಕ್ಕಾಲು ಪಾಲು ದೇವರ ಬಲಭುಜದ ಮೇಲಿಂದ ಇಳಿಯುತ್ತಿತ್ತು. ನಮ್ಮ ಆಂಜನೇಯ ಬಲಕ್ಕೆ ವಾಲಿದ್ದ. ಹೆಚ್ಚಲ್ಲ, ಪಕ್ಕದವರ ಮಾತನ್ನು ಕಿವಿಗೊಟ್ಟು ಕೇಳುವ ಮನುಷ್ಯನಷ್ಟು. ಏನು ಕೇಳಿದರೂ ಬಲದ ಹೂವೇ ಮೊದಲು ಬೀಳಬೇಕು. ಬೇರೆ ದಾರಿಯೇ ಇಲ್ಲ.

ಆ ಸಂತೋಷವನ್ನು ಹೇಗೆ ಹೇಳಲಿ! ವರ್ಷಾಂತ್ಯದ ಸರ್ವಸದಸ್ಯರ ಸಭೆಯಲ್ಲಿ ಬೀದಿಯವರು ಯಾರು ಬೇಕಾದರೂ ಮಾತಾಡಬಹುದಿತ್ತು. ನಾನು ಮೂರು ಅಂಶಗಳ ಒಂದು ಭಾಷಣ ಸಿದ್ಧಮಾಡಿದೆ. ಗಾರೆ ಕೆಲಸದವರೊಬ್ಬರಿಂದ ತೂಕದ ಗುಂಡು ಕಟ್ಟಿದ ದಾರವನ್ನೂ ಕೇಳಿಟ್ಟುಕೊಂಡೆ. ಅದನ್ನು ಎಲ್ಲರೆದುರು ವಿಗ್ರಹದ ಪಕ್ಕ ಇಳಿಬಿಡಿಸಿದರೆ ವಾಲಿದ್ದು ಕುರುಡನಿಗೂ ಕಾಣುತ್ತದೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. "ಇಲ್ಲ ಎನ್ನಲಾರದವನ ಹೌದಿಗೆ ಏನು ಬೆಲೆ?" ಎಂಬ ವಾಕ್ಯದ ನಂತರ ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದನ್ನೂ ಲೆಕ್ಕ ಹಾಕಿದ್ದೆ.

ಅಷ್ಟರಲ್ಲಿ ಹನುಮಜ್ಜಯಂತಿ ಬಂತು. ಆಂಜನೇಯನಿಗೆ ಬೆಣ್ಣೆಯ ಅಲಂಕಾರ. ಯುದ್ಧದ ಬೆಲೆಯಲ್ಲಿ ಅಷ್ಟು ಬೆಣ್ಣೆ ಕೊಂಡದ್ದಕ್ಕೆ ಅಪ್ಪ ಎರಡು ದಿನ ಮನೆಯಲ್ಲಿ ದೋಸೆಗೂ ಬೆಣ್ಣೆ ಬೇಡ ಎಂದರು, ಅದರಿಂದ ಸಮಿತಿಗೆ ಉಳಿತಾಯವಾಗುತ್ತದೆ ಎನ್ನುವ ಹಾಗೆ. ಆ ದಿನ ಮಂಗಳಾರತಿಯ ನಂತರ ಅಧ್ಯಕ್ಷರು ಜರಿಪೇಟ ಸರಿಮಾಡಿಕೊಂಡು ಮುಂದೆ ಬಂದರು. ಕೈಯಲ್ಲಿ ಅರಿಶಿನ ಬಟ್ಟೆಯ ಗಂಟು.

"ಸ್ವಾಮಿಗೆ ಬೆಳ್ಳಿ ಕವಚ ಮಾಡಿಸ್ಬೇಕು ಅಂತ ಮನಸ್ಸಾಗಿದೆ. ನನ್ನ ಅರ್ಧ ಇಲ್ಲಿದೆ. ಮುಡಿಪು ಕಟ್ಟಿದೀನಿ" ಎಂದು ಗಂಟನ್ನು ದೇವರ ಮುಂದಿಟ್ಟರು. ಜನ ಜೈ ಎಂದರು. ಅಪ್ಪನ ಮುಖ ಮಾತ್ರ ಬೆಣ್ಣೆಗಿಂತ ಬಿಳಿಯಾಯಿತು. ಉಳಿದರ್ಧ ಸಮಿತಿಯದು ತಾನೆ? ದೀಪದ ಎಣ್ಣೆಯವನಿಗೇ ಐದು ತಿಂಗಳ ಬಾಕಿ ಇತ್ತು.

ಮಾರನೆಯ ದಿನ ಸಮಿತಿ ಕೂತಿತು. ಅಧ್ಯಕ್ಷರು ಅದಕ್ಕೂ ಉಪಾಯ ಹುಡುಕಿಕೊಂಡೇ ಬಂದಿದ್ದರು.

"ಖಜಾಂಚಿಗಳೇ, ನಮಗೆ ತಿಂಗಳು ತಿಂಗಳು ದೊಡ್ಡ ಖರ್ಚು ಯಾವುದು ಹೇಳಿ?"

"ಎಣ್ಣೆ" ಎಂದರು ಅಪ್ಪ.

"ಎಣ್ಣೆ ನಿಲ್ಲಿಸೋಕಾಗುತ್ತೇನ್ರಿ? ವಾಲಗ. ವಾಲಗದವರ ಸಂಬಳ. ಮೇಲೆ ಹಿತ್ತಲ ಕೋಣೆ ಬೇರೆ. ಬಾಡಿಗೆಗೆ ಕೊಟ್ರೆ ಕಾರ್ಖಾನೆ ಹುಡುಗರು ಕೇಳಿದಷ್ಟು ಕೊಡ್ತಾರೆ. ರಸೆಲ್ ಮಾರ್ಕೆಟ್ ಹಿಂದ್ಗಡೆ ಸಾಬರ ಅಂಗಡೀಲಿ ಒಂದು ಗ್ರಾಮಾಫೋನು ನೋಡ್ಬಂದಿದೀನಿ. ನಾಗಸ್ವರದ ಆರು ಪ್ಲೇಟೂ ಕೊಡ್ತಾರೆ. ಸಾಬರೇ ಅಂದ್ರು, 'ಸಾಬ್, ಈ ಮಷೀನು ಕೀಲಿ ಕೇಳ್ತದೆ, ತನ್ಖಾ ಕೇಳಲ್ಲ' ಅಂತ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ, ಬೇಡ ಎನ್ನಲೂ ಇಲ್ಲ. ಬೆರಳು ಮಡಿಸುತ್ತ ಏನೋ ಕೂಡುತ್ತಿದ್ದರು. ಬರುವ ಶನಿವಾರ "ವಾಲಗದವರನ್ನು ಬಿಡಿಸಿ ಆ ಹಣವನ್ನು ಕವಚಕ್ಕೆ ಹಾಕಬೇಕೇ?" ಎಂದು ಅಪ್ಪಣೆ ಕೇಳುವುದು ಎಂದು ತೀರ್ಮಾನವಾಯಿತು. ಕಂಬದ ಆಚೆ ಕೂತು ನಾನೇ ಬರೆದೆ.

ವಾಲಗದವರು, ಎಂದರೆ ನಾಗಸ್ವರ ಊದುವ ಹಿರಿಯರು, ಆಗ ಅರವತ್ತು ದಾಟಿದ್ದರು. ತಮಿಳು ಸೀಮೆಯಿಂದ ಮೂವತ್ತು ವರ್ಷದ ಹಿಂದೆ ಬಂದು, ಗುಡಿಯ ಹಿತ್ತಲಲ್ಲಿ ಒಂದೇ ಒಂದು ಕೋಣೆಯಲ್ಲಿ ಹೆಂಡತಿ, ಮಗಳು, ಡೋಲು ಬಾರಿಸುವ ಅಳಿಯ, ಎರಡು ಮೊಮ್ಮಕ್ಕಳು ಇಷ್ಟು ಜನರೊಂದಿಗೆ ಇದ್ದರು. ಎಂದೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಮಂಗಳಾರತಿ ತಟ್ಟೆ ಎತ್ತಿದ ಮೇಲೆ ಓಡಿಬಂದು, ಎಲೆಯಡಿಕೆ ಉಗಿದು, ಪೀಪಿ ಒದ್ದೆ ಮಾಡಿಕೊಂಡು ಊದುತ್ತಿದ್ದರು. ನನಗೆ ಸಂಗೀತ ತಿಳಿಯದು. ಆದರೆ ಪರೀಕ್ಷೆಯ ದಿನಗಳ ಬೆಳಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಆ ನಾದ. ನನ್ನನ್ನು ಚಿಕ್ಕಂದಿನಿಂದ ಅವರು 'ಪಾಪಾ' ಎಂದೇ ಕರೆಯುತ್ತಿದ್ದರು. ಎರಡು ಕಪ್ಪು ಗೆದ್ದ ಮೇಲೂ ಬದಲಾಯಿಸಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ. "ಅವರು ಎಲ್ಲಿಗೆ ಹೋಗ್ಬೇಕಪ್ಪ?"

"ಗೊತ್ತಿಲ್ಲ ಮಗು."

"ಈ ವಯಸ್ಸಲ್ಲಿ, ಈ ರೇಷನ್ ಕಾಲದಲ್ಲಿ?"

"ನನಗೂ ಹೊಟ್ಟೆ ಉರಿಯುತ್ತೆ. ಆದ್ರೆ ಕವಚ ಬೇಡ ಅನ್ನೋಕೆ ನಾನ್ಯಾರು? ಸ್ವಾಮಿ ಎಡಕ್ಕೆ ಕೊಟ್ರೆ ಉಳ್ಕೋತಾರೆ. ಬೇಡ್ಕೋತೀನಿ."

ಸ್ವಾಮಿ ಎಡಕ್ಕೆ ಕೊಡುವುದಿಲ್ಲ ಎಂದು ಹಲಸೂರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಅಥವಾ ಹಾಗೆಂದು ನಾನು ತಿಳಿದಿದ್ದೆ.

ಮೊದಲು ಹೊಳೆದದ್ದು ಭಾಷಣ. ತೂಕದ ಗುಂಡನ್ನು ಈಗಲೇ ಇಳಿಬಿಟ್ಟರೆ? ಯೋಚಿಸಿದೆ. ಅಪ್ಪಣೆಯನ್ನು ನಂಬಬೇಡಿ ಎಂದು ಎಲ್ಲರನ್ನೂ ಒಪ್ಪಿಸಿದೆ ಎನ್ನೋಣ. ಆಮೇಲೆ? ಕೈ ಎತ್ತಿ ತೀರ್ಮಾನಿಸುತ್ತಾರೆ. ಸಮಿತಿಯ ಒಂಬತ್ತು ಜನರಲ್ಲಿ ಆರು ಜನ ಅಧ್ಯಕ್ಷರಿಂದ ಒಂದಲ್ಲ ಒಂದು ಉಪಕಾರ ಪಡೆದವರು. ನನ್ನ ವಾದ ಗೆಲ್ಲುತ್ತದೆ, ವಾಲಗದವರು ಬೀದಿಗೆ ಬೀಳುತ್ತಾರೆ. ಚರ್ಚೆ ಕಲಿಸಿದ ಮೇಡಂ ಹೇಳುತ್ತಿದ್ದರು: ಎದುರಾಳಿ ಒಪ್ಪಿದ್ದರಿಂದಲೇ ನಿನ್ನ ವಾದ ಶುರುಮಾಡು. ಎದುರಾಳಿಗಳು ಒಪ್ಪಿದ್ದು ಎರಡು ಮಾತು. ಬಲಕ್ಕೆ ಬಿದ್ದರೆ ಹೌದು. ಒಂದು ವಿಷಯ ಒಂದೇ ಸಲ.

ಅಂದರೆ ಮೊದಲು ಕೇಳಿದವರೇ ಗೆದ್ದರು.

ಸಮಿತಿಯೇ ಕೇಳಬೇಕೇ? ಪುಸ್ತಕ ತೆಗೆದು ಹುಡುಕಿದೆ. ಮೂರು ವರ್ಷದ ಹಿಂದೆ ಒಬ್ಬ ಹೂ ಮಾರುವ ಮುದುಕಿ ಗುಡಿಯ ಮುಂದೆ ಕೂರಲು ಜಾಗ ಕೊಡಬೇಕೇ ಎಂದು ಒಂದು ಸೋಮವಾರ ತಾನೇ ಕೇಳಿ, ಬಲಕ್ಕೆ ಪಡೆದು, ಬುಟ್ಟಿ ಇಟ್ಟುಕೊಂಡು ಕೂತುಬಿಟ್ಟಿದ್ದಳು. "ಸ್ವಾಮಿಯ ಅಪ್ಪಣೆಯಾದ್ದರಿಂದ ಸಮಿತಿ ಒಪ್ಪಿತು" ಎಂದಿತ್ತು. ಆಧಾರ ಸಿಕ್ಕಿತು. ಉಳಿದದ್ದು ಒಂದೇ ಅಡಚಣೆ. ಹೋಗಿ ಕೇಳಬೇಕಾದವಳು ನಾನು.

ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ಅಮ್ಮನಿಗೆ ಕಾಣದಂತೆ, ಹೊರಟೆ. ಕುಂಕುಮವನ್ನೂ ಇಟ್ಟುಕೊಂಡಿದ್ದೆ, ವೇಷ ಹಾಕಿದರೆ ಪೂರ್ತಿ ಹಾಕಬೇಕು.

ಅರ್ಚಕರು ಕಣ್ಣು ಕಿರಿದುಮಾಡಿ ನೋಡಿದರು. "ಏನಮ್ಮಾ, ದಾರಿ ತಪ್ಪಿ ಬಂದ್ಯಾ?"

"ಅಪ್ಪಣೆ ಕೇಳ್ಬೇಕಿತ್ತು."

"ದೇವರಿಲ್ಲ ಅಂತಿದ್ದೆಯಂತೆ?"

"ಇಲ್ದಿದ್ರೆ ಹೂ ಬೀಳಲ್ಲ. ಕೇಳೋದ್ರಲ್ಲಿ ನಷ್ಟ ಏನು?"

"ಅದೂ ಸರಿಯೇ" ಎಂದು ಕಣಗಿಲೆ ಕಿತ್ತು ತಂದರು. ಪ್ರಶ್ನೆಯನ್ನು ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಹೂ ಅದ್ದಿ ಅಂಟಿಸಿ, ಗಟ್ಟಿಯಾಗಿ, ಬೀದಿಗೂ ಕೇಳುವಂತೆ ಹೇಳಿದರು. "ಸ್ವಾಮೀ, ಈ ಗುಡಿಯ ವಾಲಗದವರು ಎಂದಿನಂತೆ ತಮ್ಮ ಕೆಲಸದಲ್ಲಿ, ತಮ್ಮ ಕೋಣೆಯಲ್ಲಿ ಇರಬೇಕೇ? ಹೌದಾದರೆ ಬಲಕ್ಕೆ ಕೊಡಪ್ಪಾ."

ನಾನು ನಿಶ್ಚಿಂತೆಯಿಂದ ಕೈಮುಗಿದು ನಿಂತೆ. ಎಣಿಸುತ್ತಿದ್ದೆ. ಸಾಮಾನ್ಯವಾಗಿ ಇಪ್ಪತ್ತು ಎಣಿಸುವಷ್ಟರಲ್ಲಿ ಹೂ ಬೀಳುತ್ತಿತ್ತು.

ಇನ್ನೂರಾಯಿತು. ಹೂ ಅಲ್ಲಾಡಲಿಲ್ಲ.

"ಬೆಣ್ಣೆ" ಎಂದರು ಅರ್ಚಕರು ಮೆಲ್ಲಗೆ. "ಬಿಸಿನೀರು ಹಾಕಿ ಉಜ್ಜಿದೆ, ಆದ್ರೂ ಜಿಡ್ಡು ಬಿಟ್ಟಿಲ್ಲ. ಹಿಡ್ಕೊಂಡ್ಬಿಟ್ಟಿದೆ. ಇದು ಮಾಗಿ ಚಳಿ ಬೇರೆ."

ನನ್ನ ಮೂರು ಅಂಶಗಳ ಸಿದ್ಧಾಂತದಲ್ಲಿ ಬೆಣ್ಣೆಗೆ ಜಾಗವಿರಲಿಲ್ಲ. ವಾಲಿದ ನೆಲ ನನಗೆ ಗೊತ್ತಿತ್ತು, ಇಳಿಯುವ ನೀರು ಗೊತ್ತಿತ್ತು. ಎರಡು ದಿನದ ಹಿಂದೆ ಈ ಭುಜದ ಮೇಲೆ ಬೆರಳುದಪ್ಪ ಬೆಣ್ಣೆ ಮೆತ್ತಿದ್ದನ್ನು ಕಣ್ಣಾರೆ ನೋಡಿಯೂ ಮರೆತಿದ್ದೆ. ಜಿಡ್ಡಿನಲ್ಲಿ ಯಾವ ಹೂ ಮೊದಲು ಜಾರುತ್ತದೆ? ಎಲ್ಲಿ ಹೆಚ್ಚು ಉಜ್ಜಿದ್ದಾರೋ ಅಲ್ಲಿ. ಅರ್ಚಕರು ಬಲಗೈಯವರು; ಅವರು ಎದುರು ನಿಂತು ಉಜ್ಜಿದಾಗ ಅವರ ಬಲಗೈ ಹತ್ತಿರವಾಗುವುದು ದೇವರ ಎಡಭುಜಕ್ಕೆ. ಎಡಕ್ಕೆ ಬಿದ್ದರೆ? ಶನಿವಾರದವರೆಗೂ ಕಾಯಬೇಕಾದ್ದಿಲ್ಲ, ವಾಲಗದವರನ್ನು ಬಿಡಿಸಿದವಳು ನಾನೇ ಆಗುತ್ತೇನೆ.

ಅಷ್ಟರಲ್ಲಿ ಹಿಂದಿನಿಂದ ಉಸಿರೆಳೆದುಕೊಂಡ ಸದ್ದು. ತಿರುಗಿದರೆ ಅಪ್ಪ. ಪ್ರದಕ್ಷಿಣೆಗೆ ಬಂದವರು ಮಗಳು ಕುಂಕುಮವಿಟ್ಟು ಕೈಮುಗಿದು ನಿಂತದ್ದನ್ನು ಕಂಡು ಅಲ್ಲೇ ನಿಂತುಬಿಟ್ಟಿದ್ದರು. ಕಣ್ಣು ತುಂಬಿತ್ತು.

"ನನಗೆ ಗೊತ್ತಿತ್ತು ಮಗು" ಎಂದರು. "ಒಂದಿನ ಬರ್ತೀಯ ಅಂತ ಗೊತ್ತಿತ್ತು."

"ಅಪ್ಪ, ಹಾಗಲ್ಲ..."

"ಮಾತಾಡ್ಬೇಡ. ಬೇಡ್ಕೋ."

ಬೇಡಿಕೊಂಡೆನೇ? ಪ್ರಾಮಾಣಿಕವಾಗಿ ಬರೆಯಬೇಕು. ಎಡಭುಜದ ಹೂವಿನ ಒಂದು ಎಸಳು ಬಾಗಿದಾಗ ನಾನು ಮನಸ್ಸಿನಲ್ಲಿ "ಬೀಳ್ಬೇಡ, ಬೀಳ್ಬೇಡ" ಎಂದದ್ದು ನಿಜ. ಯಾರಿಗೆ ಹೇಳಿದೆ ಎಂದು ಕೇಳಿದರೆ, ಹೂವಿಗೆ. ಹೂವಿಗೆ ಕಿವಿಯಿಲ್ಲ ಎಂಬ ಆಕ್ಷೇಪಣೆಯನ್ನು ಒಪ್ಪುತ್ತೇನೆ.

ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವಳು ನಿಂತಳು. ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೊರಟ ಇಬ್ಬರು ಒಂದು ಕಾಲು ನೆಲಕ್ಕೆ ಊರಿ ನಿಂತರು. "ಏನಂತೆ?" "ವಾಲಗದವ್ರು ಇರ್ಬೇಕಾ ಅಂತ ಕೇಳವ್ರೆ." "ಯಾರು?" "ಖಜಾಂಚಿ ಮಗಳು ಕಣಣ್ಣ, ಆ ವಾದ ಮಾಡ್ತಾಳಲ್ಲ, ಅವಳು." "ಅವಳಾ! ಅದಕ್ಕೇ ಸ್ವಾಮಿ ಉತ್ರ ಕೊಡೋಕೆ ಹೆದರ್ಕೊಂಡವ್ನೆ."

ಆಗ ವಾಲಗದವರು ಬಂದರು, ಎಂದಿನಂತೆ ತಡವಾಗಿ. ಇಷ್ಟು ಜನ ಕೂಡಿದ್ದನ್ನು ನೋಡಿ ಏನೋ ವಿಶೇಷ ಪೂಜೆ ಎಂದುಕೊಂಡರು. ಗುರುವಾರಕ್ಕೆ ಎಂದೂ ಇಲ್ಲದ ಜನ! ಎಲೆಯಡಿಕೆ ಉಗಿದು, ಅಳಿಯನಿಗೆ ಕಣ್ಸನ್ನೆ ಮಾಡಿ, ಉಳಿದ ದಿನಗಳಂತೆ ಬೀದಿಯಲ್ಲಿ ನಿಲ್ಲದೆ, ತೂಗುದೀಪದ ಕೆಳಗೆ ತಲೆ ಬಗ್ಗಿಸಿ ಬಂದು ಗರ್ಭಗುಡಿಯ ಬಾಗಿಲಿಗೇ ನಿಂತು ಊದಿದರು. ಅಳಿಯ ಡೋಲಿಗೆ ಕೋಲು ಹಾಕಿದ. ಆ ಸಣ್ಣ ಕಲ್ಲಿನ ಕೋಣೆಯಲ್ಲಿ ಡೋಲು ಗುಡುಗಿದಂತಾಯಿತು. ಗಂಟೆಗಳು ತಾವಾಗಿ ಗುಂಯ್‌ಗುಟ್ಟಿದವು. ತೂಗುದೀಪದ ಗಾಜುಗಳೆಲ್ಲ ಕಿಣಿಕಿಣಿ ಎಂದವು. ನನ್ನ ಎದೆಯೊಳಗೂ ಬಡಿಯಿತು.

ಹೂ ಬಿತ್ತು. ಬಲದ್ದು.

"ಬಲಕ್ಕೆ!" ಎಂದು ಮೊದಲು ಕೂಗಿದವಳು ನಾನು ಎಂದು ಅಪ್ಪ ಇವತ್ತಿಗೂ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ.

ಶನಿವಾರದ ಸಭೆ ನಾನು ನೋಡಿದ ಒಳ್ಳೆಯ ಚರ್ಚೆಗಳಲ್ಲಿ ಒಂದು, ಅದರಲ್ಲಿ ನಾನು ಬಾಯಿಬಿಡದೇ ಇದ್ದರೂ. ಅಧ್ಯಕ್ಷರು ಕೆಂಪಾಗಿದ್ದರು.

"ಹೆಣ್ಣುಹುಡುಗಿ ಕೇಳಿದ್ದು ಲೆಕ್ಕಕ್ಕೆ ಬರಲ್ಲ ರೀ."

"ಹೂ ಮಾರೋ ಮುದುಕೀದು ಬಂತಲ್ಲ ಸ್ವಾಮಿ" ಎಂದರು ಅರ್ಚಕರು.

"ಆ ಮುದುಕಿಗೆ ಭಕ್ತಿ ಇತ್ತು. ಈ ಹುಡುಗಿಗೆ ದೇವರಲ್ಲಿ ನಂಬಿಕೇನೇ ಇಲ್ಲ ಅಂತ ಬೀದಿಗೆಲ್ಲ ಗೊತ್ತು."

ನಾನು ಪೆನ್ನು ಎತ್ತಿದ್ದವಳು ಹಾಗೇ ಹಿಡಿದುಕೊಂಡೆ. ಇದು ಗಟ್ಟಿ ವಾದ. ನಾನೇ ಎದುರು ಪಕ್ಷದಲ್ಲಿದ್ದರೆ ಇದನ್ನೇ ಹೂಡುತ್ತಿದ್ದೆ. ಆಗ ಅಪ್ಪ, ನಾಲ್ಕು ವರ್ಷದಲ್ಲಿ ಸಭೆಯಲ್ಲಿ ಒಂದು ದಿನವೂ ದನಿ ಏರಿಸದ ಅಪ್ಪ, ಎದ್ದು ನಿಂತರು.

"ಅಧ್ಯಕ್ಷರೇ, ನಂಬಿದೋರಿಗೆ ಸ್ವಾಮಿ ಹೂ ಕೊಡೋದು ದೊಡ್ಡದಲ್ಲ. ನಂಬದೋಳಿಗೆ ಕೊಟ್ಟ ಅಂದ್ರೆ, ಅದೂ ಬೆಣ್ಣೆ ಜಿಡ್ಡಲ್ಲಿ, ಅದೂ ವಾಲಗ ಊದಿದ ಘಳಿಗೇಲಿ, ಅದು ಇನ್ನೂ ಗಟ್ಟಿ ಅಪ್ಪಣೆ ಅಲ್ವೇನ್ರಿ?"

ಎರಡು ಕಪ್ಪು ನನಗೆ ಯಾರ ರಕ್ತದಿಂದ ಬಂದವು ಎಂದು ಆಗ ತಿಳಿಯಿತು. ಅಧ್ಯಕ್ಷರು ಸ್ವಲ್ಪ ಹೊತ್ತು ಮೀಸೆ ತಿರುವಿ, ಕೊನೆಗೆ ನಕ್ಕುಬಿಟ್ಟರು. "ಅಪ್ಪ ಮಗಳು ಇಬ್ರೂ ಕೋರ್ಟಿಗೆ ಹೋಗ್ರಿ. ಗುಡೀಲಿ ಯಾಕೆ ಕೂತಿದೀರಿ?" ಎಂದು, ಅರಿಶಿನ ಗಂಟಿಗೆ ಕೈಚಾಚಿದರು.

ಅರ್ಚಕರು ಕೆಮ್ಮಿದರು. "ಮುಡಿಪು ಸ್ವಾಮಿ. ದೇವರ ಮುಂದೆ ಇಟ್ಟದ್ದು ಮನೆಗೆ ವಾಪಸ್ ಹೋಗೋ ಪದ್ಧತಿ ಇಲ್ಲ."

ಚಾಚಿದ ಕೈ ಅಲ್ಲೇ ನಿಂತಿತು. ಆಮೇಲೆ, ಕೈಮುಗಿಯುವುದಕ್ಕೇ ಚಾಚಿದ್ದು ಎನ್ನುವಂತೆ ಇನ್ನೊಂದು ಕೈಯನ್ನು ಕೂಡಿಕೊಂಡಿತು. ಎಣ್ಣೆಯವನ ಬಾಕಿ ಅದರಲ್ಲೇ ತೀರಿತು. ಉಳಿದದ್ದರಲ್ಲಿ ಹಿತ್ತಲ ಕೋಣೆಯ ಸೋರುವ ಹೆಂಚು ಬದಲಾಯಿಸಿದರು. ಕವಚದ ಮಾತು ಆ ವರ್ಷ ಮತ್ತೆ ಬರಲಿಲ್ಲ.

ಸಭೆ ಮುಗಿದ ಮೇಲೆ ಪುಸ್ತಕ ಮುಚ್ಚುತ್ತಿದ್ದಾಗ ಅರ್ಚಕರು ಹತ್ತಿರ ಬಂದರು. "ಗಾರೆಯವನ ಹತ್ರ ದಾರ ಗುಂಡು ಇಸ್ಕೊಂಡಿದ್ಯಂತೆ?"

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ವಾಪಸ್ ಕೊಟ್ಬಿಡು. ನೆಲ ಸರಿ ಮಾಡ್ಸೋಕೆ ಸಮಿತೀಲಿ ದುಡ್ಡೆಲ್ಲಿದೆ? ಮೇಲಾಗಿ," ಅತ್ತಿತ್ತ ನೋಡಿ ಹೇಳಿದರು, "ಬಡವರೂ ಬಂದು ಕೇಳ್ತಾರಮ್ಮ. ಅವರಿಗೆ ಇಲ್ಲ ಅನ್ನೋರು ಊರಲ್ಲಿ ಬೇಕಾದಷ್ಟು ಜನ ಇದಾರೆ."

ಸರ್ವಸದಸ್ಯರ ಸಭೆಯಲ್ಲಿ ನಾನು ಮಾತಾಡಲಿಲ್ಲ. ಮಗಳು ಭಕ್ತೆಯಾದಳೆಂದು ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದರು. ಅದನ್ನು ಅಲ್ಲಗಳೆಯಬೇಕಾದರೆ ಅಪ್ಪಣೆ ಏಕೆ ಸುಳ್ಳೆಂದು ಹೇಳಬೇಕು, ಅದನ್ನು ಹೇಳಿದರೆ ವಾಲಗದವರ ಕೋಣೆ ಹೋಗುತ್ತದೆ. ನನ್ನ ಬದುಕಿನ ಅತ್ಯುತ್ತಮ ವಾದವನ್ನು ನುಂಗಿಕೊಂಡು, ನೆಂಟರು ಬಂದಾಗಲೆಲ್ಲ ತಲೆ ತಗ್ಗಿಸಿ ನಿಂತೆ. ಅವರು ಅದನ್ನು ವಿನಯ ಎಂದುಕೊಂಡರು.

ವಾಲಗದವರಿಗೆ ಸುದ್ದಿ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ಮುಂದಿನ ವಾರ ಒಂದು ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಧನ್ಯವಾದ ಹೇಳಲು ಬಂದಿದ್ದಾರೆಂದು, ಅದಕ್ಕೆ ಏನು ಉತ್ತರ ಕೊಡಬೇಕೆಂದು ಯೋಚಿಸುತ್ತ ನಾನು ಬಾಗಿಲಿಗೆ ಬಂದೆ.

"ಏನ್ ಪಾಪಾ, ನೀನೇ ಕೇಳ್ದಂತೆ, ನಿಜಾನಾ?"

"ಹೌದು."

"ಕೆಲ್ಸ ಇರ್ಬೇಕಾ, ರೂಮ್ ಇರ್ಬೇಕಾ ಅಂತ?"

"ಹೌದು."

ಅವರು ತಲೆ ಚಚ್ಚಿಕೊಂಡರು. "ಅಯ್ಯೋ ಮುರುಗಾ! ಅಷ್ಟು ದೂರ ಹೋಗಿ, ಸಂಬಳ ಎರಡ್ ರೂಪಾಯ್ ಜಾಸ್ತಿ ಮಾಡ್ಬೇಕಾ ಅಂತ ಕೇಳ್ಬಾರ್ದಾ? ಕಾಲೇಜ್ ಓದಿ ಏನ್ ಪಾಪಾ ಪ್ರಯೋಜನ?"

ಒಳಗೆ ಅಮ್ಮ ನಕ್ಕದ್ದು ಕೇಳಿಸಿತು. ನಾನು ಬಾಯಿ ತೆರೆದೆ. "ಒಂದು ವಿಷಯ ಒಂದೇ ಸಲ..." ಎಂದೆ.

"ಇದು ಬೇರೆ ವಿಷಯ. ಕೆಲ್ಸ ಬೇರೆ, ಸಂಬಳ ಬೇರೆ" ಎಂದರು ಅವರು. ಅವರು ಎದ್ದು, ಹೆಗಲ ಮೇಲಿನ ವಲ್ಲಿ ಕೊಡವಿಕೊಂಡರು. "ನಾಳೆ ಬೆಳಿಗ್ಗೆ ಸ್ನಾನ ಮಾಡಿ ಬಂದ್ಬಿಡು. ನಾನೂ ಬೇಗ ಬರ್ತೀನಿ. ಬೆಣ್ಣೆ ಗಿಣ್ಣೆ ಅಂತ ಯೋಚ್ನೆ ಮಾಡ್ಬೇಡ. ಅಳಿಯನಿಗೆ ಹೇಳಿದೀನಿ, ಡೋಲು ಒಂದು ಕೈ ಜೋರಾಗೇ ಬಾರ್ಸು ಅಂತ."